ಮರ ಬಿದ್ದರೆ ಹೊಣೆ ಯಾರದು? ಕಾನೂನು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾನೂನು ಸಚಿವರಿಗೆ ನಮಸ್ಕಾರ.

ಬೆಂಗಳೂರಲ್ಲಿ ಗಾಳಿಮಳೆಗೆ ಮರ ಬಿದ್ದು ಯಾರಾದರೂ ಸತ್ತರೆ ಮುಂದೇನಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಜನಪ್ರತಿನಿಧಿಗಳು ಆಸ್ಪತ್ರೆಗೆ ಬರುತ್ತಾರೆ, ಪರಿಹಾರ ಘೋಷಣೆಯಾಗುತ್ತದೆ, ಟೀವಿಯವರು ಹೊರಡುತ್ತಾರೆ. ಬೆನ್ನುಮೂಳೆಗೆ ಪೆಟ್ಟಾಗಿ ಹಾಸಿಗೆ ಹಿಡಿದವರಿಗೆ ಅಷ್ಟೂ ಖಾತ್ರಿಯಿಲ್ಲ. ಕೊಟ್ಟರೂ ದಯೆಯಿಂದ ಕೊಟ್ಟದ್ದು, ಹಕ್ಕಿನಿಂದ ಪಡೆದದ್ದಲ್ಲ.

ನಮ್ಮ ಬೀದಿಯ ತಿರುವಿನಲ್ಲೊಂದು ಪೆಲ್ಟೋಫೋರಂ ಮರವಿದೆ. ಫುಟ್‌ಪಾತ್ ಮಾಡಿದವರು ಬುಡದವರೆಗೂ ಕಾಂಕ್ರೀಟ್ ಸುರಿದರು. ಚರಂಡಿಗೆ ಅಗೆದಾಗ ಮನೆಗಳ ಕಡೆಯ ಬೇರು ಹೋಯಿತು. ತಂತಿಗೆ ತಾಗುತ್ತವೆಂದು ಅದೇ ಕಡೆಯ ಕೊಂಬೆಗಳನ್ನೂ ಸವರಿದರು. ಈಗ ಭಾರವೆಲ್ಲ ರಸ್ತೆಯತ್ತ, ಹಿಂದಿನಿಂದ ಹಿಡಿದುಕೊಳ್ಳುವ ಬೇರಿಲ್ಲ. ಬುಡದಲ್ಲಿ ಅಂಗೈಯಗಲದ ಅಣಬೆ ಎದ್ದಿದೆ. ಒಳಗೆ ಕೊಳೆಯುತ್ತಿರುವುದರ ಗುರುತು ಅದು. ಫೋಟೊ ಸಮೇತ ದೂರು ಕೊಟ್ಟರೆ ‘ಸ್ಥಳ ಪರಿಶೀಲಿಸಿ ವಿಲೇವಾರಿ ಮಾಡಲಾಗಿದೆ’ ಎಂದು ಮೆಸೇಜ್ ಬಂತು. ಪರಿಶೀಲಿಸಲು ಬಂದವರನ್ನು ಬೀದಿಯಲ್ಲಿ ಯಾರೂ ಕಂಡಿಲ್ಲ. ನಾವೇ ಕಡಿಸೋಣವೆಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆ ಕಾಯ್ದೆ ಬೇಕೇ ಬೇಕು, ಇಲ್ಲದಿದ್ದರೆ ಸೈಟು ಕೊಂಡವರು ಇಷ್ಟೊತ್ತಿಗೆ ಬೀದಿಗಳನ್ನೆಲ್ಲ ಬೋಳಿಸಿರುತ್ತಿದ್ದರು. ಆದರೆ ಅಧಿಕಾರವೆಲ್ಲ ಕಚೇರಿಯದ್ದಾದ ಮೇಲೆ, ಮರ ಬಿದ್ದಾಗ ಮಾತ್ರ ಅದು ದೈವೇಚ್ಛೆ ಹೇಗಾಗುತ್ತದೆ ಸ್ವಾಮಿ?

ಕೋರ್ಟಿಗೆ ಹೋಗಿ ಎನ್ನಬಹುದು. ದೆಹಲಿಯಲ್ಲಿ ಸ್ಕೂಟರ್ ಸವಾರರೊಬ್ಬರ ತಲೆ ಮೇಲೆ ಕೊಂಬೆ ಬಿದ್ದದ್ದು 1964ರಲ್ಲಿ. ಮರ ಒಣಗಿ ಸತ್ತಿತ್ತು, ತಪಾಸಣೆ ಮಾಡುತ್ತಿರುವುದು ಪಾಲಿಕೆಯ ಕರ್ತವ್ಯವಾಗಿತ್ತು ಎಂದು ಸುಪ್ರೀಂ ಕೋರ್ಟ್ ಕುಟುಂಬದ ಪರ ತೀರ್ಪಿತ್ತದ್ದು 1999ರಲ್ಲಿ. ಅದಕ್ಕೆ ಎರಡೇ ವರ್ಷ ಮುಂಚೆ, ರಾಜಕೋಟ್‌ನಲ್ಲಿ ಮರ ಬಿದ್ದು ಸತ್ತವರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಪಾಲಿಕೆ ಹೊಣೆಯಲ್ಲ ಎಂದಿತ್ತು. ಎರಡರ ನಡುವೆ ನನಗೆ ಕಾಣುವ ದೊಡ್ಡ ವ್ಯತ್ಯಾಸವೆಂದರೆ, ಅಪಾಯ ಪಾಲಿಕೆಗೆ ಮೊದಲೇ ತಿಳಿಯಬೇಕಿತ್ತೇ ಎಂಬುದು. ಅದನ್ನು ರುಜುವಾತು ಮಾಡಬೇಕಾದವಳು ಸತ್ತವನ ಹೆಂಡತಿ. ದಾಖಲೆಗಳಿರುವುದು ಪಾಲಿಕೆಯ ಕಪಾಟಿನಲ್ಲಿ! ಸಿವಿಲ್ ದಾವೆಗೆ ಕೇಳುವ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಬೇರೆ. ಪಾದಚಾರಿಗೆ ಲಾರಿ ಗುದ್ದಿದರೆ ಮೋಟಾರು ಅಪಘಾತ ನ್ಯಾಯಮಂಡಳಿಯಿದೆ, ಕೊಂಬೆ ಬಿದ್ದರೆ ಅದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮರ ಬೀಳುವ ಅಪಾಯವಿದೆ ಎಂದು ದೂರು ದಾಖಲಾದ ಮೇಲೆ ಅದು ಬಿದ್ದರೆ, ತನ್ನ ಲೋಪವಿಲ್ಲವೆಂದು ಸ್ಥಳೀಯ ಸಂಸ್ಥೆಯೇ ಸಾಬೀತುಪಡಿಸಬೇಕು, ಹಾಗೆಂದು ಕಾಯ್ದೆಯಲ್ಲೇ ಬರೆಯಿರಿ. ದೂರು ವಿಲೇವಾರಿ ಮಾಡುವವರು ತಮ್ಮ ಹೆಸರು, ಭೇಟಿಯ ದಿನಾಂಕ, ಬುಡದ ಫೋಟೊ ಹಾಕಲಿ. ಗಾಯಾಳುಗಳಿಗೂ ಪರಿಹಾರ ಸಿಗಲಿ, ಅದಕ್ಕೆ ಕೋರ್ಟ್ ಫೀ ಬೇಡ. ರಸ್ತೆ ಬದಿಯ ಹೋರ್ಡಿಂಗ್, ಹಳೇ ಕಟ್ಟಡದ ಸಜ್ಜಾಗಳಿಗೂ ಇದು ಅನ್ವಯಿಸಲಿ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ, ದೋಷ ತನಗೆ ಗೊತ್ತಿರಲಿಲ್ಲ ಎಂಬ ಪಾಲಿಕೆಯ ವಾದವನ್ನು ಸುಪ್ರೀಂ ಕೋರ್ಟ್ 1966ರಲ್ಲೇ ಒಪ್ಪಿರಲಿಲ್ಲ.

ಹೊಣೆಗೆ ಹೆದರಿ ಇರುವ ಮರಗಳನ್ನೆಲ್ಲ ಕಡಿಸುವ ಆದೇಶ ಮಾತ್ರ ಹೊರಡಿಸಬೇಡಿ. ಬುಡದ ಕಾಂಕ್ರೀಟ್ ಒಡೆಸಿ, ಬೇರು ಕತ್ತರಿಸುವ ಗುತ್ತಿಗೆದಾರರಿಗೆ ದಂಡ ಹಾಕಿ. ಮುಂದಿನ ಅಧಿವೇಶನದಲ್ಲಿ ತಿದ್ದುಪಡಿ ಮಸೂದೆ ತರುತ್ತೀರಾ, ತಿಳಿಸಿ.

ಇಂತಿ,
ಬೆಂಗಳೂರಿನ ಒಬ್ಬ ನಿವಾಸಿ