ಬಟವಾಡಿಯ ಆ ಅಣ್ಣನಿಗೆ ಧನ್ಯವಾದ

ತುಮಕೂರಿನ ಬಟವಾಡಿಯಲ್ಲಿ ಹಳೇ ಪೆಟ್ರೋಲ್ ಅಂಬಾಸಿಡರ್‌ಗೆ ಕ್ಯಾಮ್‌ಶಾಫ್ಟ್ (ತಿರುಗುತ್ತಾ ಎಂಜಿನ್ ವಾಲ್ವ್‌ಗಳನ್ನು ತೆರೆಯಿಸುವ ದಂಡ) ಬದಲಿಸುವಾಗ ಜೊತೆಗೆ ನಿಂತು, ಹೆಸರೂ ಹೇಳದೆ ಹೊರಟುಹೋದ ಅಣ್ಣ, ನಿಮಗೆ ಮನಸಾರೆ ಧನ್ಯವಾದ.

ಹೊಸ ಕ್ಯಾಮ್‌ಗೆ ಹಳೇ ಟ್ಯಾಪೆಟ್ (ಕ್ಯಾಮ್ ಮೇಲೆ ಕೂತು ಅದರ ಒತ್ತನ್ನು ವಾಲ್ವ್ ಕಡೆಗೆ ದಾಟಿಸುವ ಬಿಡಿಭಾಗ) ಹಾಕದಂತೆ ತಡೆದಿದ್ದು ನೀವೇ. ಒಳ್ಳೇ ಟ್ಯಾಪೆಟ್‌ನ ತಳ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತೆ. ಅದಕ್ಕೇ ಅದು ತಿರುಗುತ್ತಾ ಒಂದೇ ಕಡೆ ಸವೆಯದೆ ಉಳಿಯುತ್ತೆ. ಹಳೇದರ ತಳಕ್ಕೆ ಸ್ಟೀಲ್ ಸ್ಕೇಲಿನ ಅಂಚು ಇಟ್ಟು ಹಿಂದಿನಿಂದ ಟಾರ್ಚ್ ಬಿಟ್ಟಿರಿ. ನಡುವೆ ಬೆಳಕು ತೂರಿ ಬಂತು. ಗುಳಿ ಬಿದ್ದಿತ್ತು! ಅದನ್ನೇ ಹಾಕಿದ್ದರೆ ಹೊಸ ಕ್ಯಾಮ್‌ನ ಲೋಬ್ (ಟ್ಯಾಪೆಟ್ ಎತ್ತುವ ಉಬ್ಬು) ಬೇಗನೇ ಸವೆದುಹೋಗುತ್ತಿತ್ತು. ಎಂಟೂ ಹೊಸವೇ ಕೂತವು. ಪುಶ್‌ರಾಡ್‌ಗಳನ್ನು (ಟ್ಯಾಪೆಟ್ ಮೇಲೆ ನಿಲ್ಲುವ ಉದ್ದ ಕಡ್ಡಿಗಳು) ಗಾಜಿನ ಮೇಲೆ ಉರುಳಿಸಿ ಬೆಂಡ್ ನೋಡಿದ್ದೂ ಆಯಿತು.

ಎಂಜಿನ್ ತಣ್ಣಗಿದ್ದಾಗ ವಾಲ್ವ್ ಕ್ಲಿಯರೆನ್ಸ್ (ಬಿಡಬೇಕಾದ ಸಂದು) 0.015 ಇಂಚು, ಸೆಟ್ ಮಾಡಲು ಒಂಬತ್ತರ ಲೆಕ್ಕ (ಎರಡು ವಾಲ್ವ್ ನಂಬರ್ ಕೂಡಿದರೆ ಒಂಬತ್ತು): 1ನೇ ವಾಲ್ವ್ ಪೂರ್ತಿ ತೆರೆದಾಗ 8ನೆಯದನ್ನು ಸೆಟ್ ಮಾಡಬೇಕು, 3ನೆಯದು ತೆರೆದಾಗ 6ನೆಯದನ್ನು.

ಎಲ್ಲಕ್ಕಿಂತ ದೊಡ್ಡ ಉಪಕಾರ ಕೊನೆಯದು. ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗ್‌ಗೆ ಬಿಡದೆ 2000 ಆರ್‌ಪಿಎಂ ಆಸುಪಾಸಿನಲ್ಲಿ 20 ನಿಮಿಷ ಹಿಡಿಸಿದಿರಿ. ನಿಧಾನಕ್ಕೆ ಓಡಿದರೆ ಲೋಬ್‌ಗಳಿಗೆ ಆಯಿಲ್ ಸರಿಯಾಗಿ ಸಿಡಿಯುವುದಿಲ್ಲ, ಹೊಸ ಕ್ಯಾಮ್ ಹಾಳಾಗುವುದು ಆ ಮೊದಲ ನಿಮಿಷಗಳಲ್ಲೇ. ಆಮೇಲೆ ಇಳಿಸಿದ ಆಯಿಲ್‌ನಲ್ಲಿ ಮ್ಯಾಗ್ನೆಟ್ ಆಡಿಸಿದೆವು, ಅಣ್ಣ. ಒಂದು ಚೂರು ಕಬ್ಬಿಣವೂ ಹತ್ತಲಿಲ್ಲ.