ಆಗ್ರಾಕ್ಕೆ ಹೊರಟ ಮಗಳಿಗೊಂದು ಪತ್ರ

ಪುಟ್ಟಿ,

ಭಾನುವಾರ ಫೋನಿನಲ್ಲಿ ನಾವಿಬ್ಬರೂ ಏನೇನು ಅಂದೆವೋ ಅದು ಇಬ್ಬರಿಗೂ ಗೊತ್ತು. ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ನೀನು ಫೋನ್ ಇಟ್ಟ ಮೇಲೆ ನಿಮ್ಮಪ್ಪ, "ಅವಳು ನಮ್ಮನ್ನ ಕೇಳೋಕೆ ಫೋನ್ ಮಾಡಿರಲಿಲ್ಲ, ಹೇಳೋಕೆ ಮಾಡಿದ್ದಳು" ಅಂದರು. ನಿಜ. ಸೈನ್ಯದ ಡಾಕ್ಟರಾದ ನೀನು ವಿಮಾನದಿಂದ ಜಿಗಿಯುವ ಪ್ಯಾರಾ ಬ್ರಿಗೇಡಿಗೆ ಹೆಸರು ಕೊಟ್ಟಾಗಿದೆ, ಮುಂದಿನ ವಾರ ಆಗ್ರಾಕ್ಕೆ ಹೋಗುವುದೂ ಗೊತ್ತಾಗಿದೆ. ಫೋನಿನಲ್ಲಾದರೆ ನನಗೆ ಮಾತಿಗಿಂತ ಮೊದಲು ಅಳು ಬರುತ್ತದೆ. ಅದಕ್ಕೇ ಕಾಗದ.

ನೀನು ವಾಟ್ಸಾಪಿನಲ್ಲಿ ಬ್ರಿಗೇಡಿನ ಲಾಂಛನ ಕಳಿಸಿದ್ದೆಯಲ್ಲ, ಕೆಳಗೆ "ಶತ್ರುಜೀತ್" ಅಂತ ಒಂದೇ ಮಾತು ಬರೆದು. ಕುದುರೆಯ ಮೈ, ಮನುಷ್ಯನ ಎದೆ, ರೆಕ್ಕೆ, ಕೈಯಲ್ಲಿ ಹೂಡಿದ ಬಿಲ್ಲು. ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಆಮೇಲೆ ಈ 50ನೇ ಪ್ಯಾರಾಚೂಟ್ ಬ್ರಿಗೇಡಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನನ್ನ ಮಗಳನ್ನು ಕರೆದುಕೊಂಡು ಹೋಗುವವರು ಯಾರು ಅಂತ ತಿಳಿಯಬೇಕಿತ್ತು, ಅಷ್ಟೇ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಪ್ಯಾರಾಚೂಟ್ ಪಡೆ ತನ್ನ ಗುರುತಿಗೆ ಗ್ರೀಕರ ಕತೆಯನ್ನು ಆರಿಸಿಕೊಂಡಿತ್ತು. ಪೆಗಾಸಸ್ ಅನ್ನುವ ರೆಕ್ಕೆಯ ಕುದುರೆ, ಅದರ ಮೇಲೆ ಈಟಿ ಹಿಡಿದ ಬೆಲ್ಲೆರೋಫಾನ್. ನಮ್ಮ 44ನೇ ಏರ್‌ಬೋರ್ನ್ ಡಿವಿಜನ್ ಅದೇ ಚಿತ್ರದ ಕೆಳಗೆ "ಇಂಡಿಯಾ" ಅಂತ ಸೇರಿಸಿ ತೋಳಿಗೆ ಹಾಕಿಕೊಂಡಿತು. ನಿಮ್ಮ ಬ್ರಿಗೇಡ್ ಆಗ ಆ ಡಿವಿಜನ್ನಿನಲ್ಲಿತ್ತು. ಶತ್ರುಜೀತ್ ಬಂದದ್ದು ಆಮೇಲೆ. ಆ ಗ್ರೀಕ್ ಸವಾರ ಕೊನೆಗೆ ಕುದುರೆ ಮೇಲಿಂದ ಬೀಳುತ್ತಾನೆ ಕಣೇ. ನಿಮ್ಮ ಶತ್ರುಜೀತನಲ್ಲಿ ಸವಾರ ಬೇರೆ ಇಲ್ಲ, ಕುದುರೆ ಬೇರೆ ಇಲ್ಲ. ಇಬ್ಬರಿಗೂ ಒಂದೇ ಮೈ. ಬೀಳುವ ಮಾತೇ ಇಲ್ಲ. ಸೈನ್ಯದವರು ಇದನ್ನು ಯೋಚಿಸಿ ಬದಲಾಯಿಸಿದರೋ ಬಿಟ್ಟರೋ, ನನಗಂತೂ ಇದರಿಂದ ಸ್ವಲ್ಪ ಧೈರ್ಯ ಬಂತು.

ಆದರೆ ಆ ಹೆಸರು ನನ್ನನ್ನು ಬೇರೆ ಕಡೆ ಎಳೆದುಕೊಂಡು ಹೋಯಿತು. ಮಾರ್ಕಂಡೇಯ ಪುರಾಣದಲ್ಲಿ ಶತ್ರುಜಿತ್ ಅಂತ ಒಬ್ಬ ರಾಜ ಇದ್ದಾನೆ. ಅವನ ಮಗ ಋತಧ್ವಜ. ಗಾಲವ ಋಷಿ ಒಂದು ಕುದುರೆ ಹಿಡಿದುಕೊಂಡು ಅರಮನೆಗೆ ಬರುತ್ತಾನೆ. ಅದು ಆಕಾಶದಿಂದ ಇಳಿದು ಬಂದ ಕುದುರೆ. ಭೂಮಿಯನ್ನೆಲ್ಲ ಸುತ್ತಿದರೂ ದಣಿಯುವುದಿಲ್ಲ. "ನನ್ನ ಆಶ್ರಮಕ್ಕೆ ರಾಕ್ಷಸನ ಕಾಟ, ನಿನ್ನ ಮಗನನ್ನು ಕಳಿಸು" ಅನ್ನುತ್ತಾನೆ ಋಷಿ. ರಾಜ ಮಗನನ್ನು ಕುದುರೆ ಹತ್ತಿಸಿ ಕಳಿಸುತ್ತಾನೆ. ಶತ್ರುಜಿತ್ ಅನ್ನುವುದು ಹೋದ ಮಗನ ಹೆಸರಲ್ಲ, ಕಳಿಸಿಕೊಟ್ಟ ಅಪ್ಪನ ಹೆಸರು. ಬಿಲ್ಲು ಹಿಡಿದ ನಿಮ್ಮ ಲಾಂಛನಕ್ಕೂ ಈ ಅಪ್ಪನಿಗೂ ಹೆಸರೊಂದೇ ನಂಟು ಇರಬಹುದು. ಆದರೂ ನನಗೆ ಅದನ್ನು ನೋಡಿದಾಗೆಲ್ಲ ಮನೆಯಲ್ಲಿ ಉಳಿದವನೇ ಕಾಣುತ್ತಾನೆ.

ಮುಂದಿನದು ಇನ್ನೂ ಕಷ್ಟ. ಹುಡುಗ ರಾಕ್ಷಸನನ್ನು ಕೊಂದು, ಮದಾಲಸೆಯನ್ನು ಮದುವೆಯಾಗಿ ಊರಿಗೆ ಬರುತ್ತಾನೆ. ಮತ್ತೆ ಹೊರಡುತ್ತಾನೆ. ಸತ್ತ ರಾಕ್ಷಸನ ತಮ್ಮ ತಾಲಕೇತು ತಪಸ್ವಿಯ ವೇಷದಲ್ಲಿ ಕಾದಿರುತ್ತಾನೆ. ಏನೋ ನೆಪ ಹೇಳಿ ಹುಡುಗನ ಕೊರಳಿನ ಹಾರ ಇಸಿದುಕೊಳ್ಳುತ್ತಾನೆ. "ನಾನು ಬರುವ ತನಕ ಆಶ್ರಮ ಕಾಯ್ತಿರು" ಅಂತ ಅವನನ್ನು ಅಲ್ಲೇ ನಿಲ್ಲಿಸಿ, ನೇರ ಅರಮನೆಗೆ ಹೋಗಿ, "ನಿಮ್ಮ ಮಗ ಸತ್ತ, ಇದೋ ಅವನ ಹಾರ" ಅನ್ನುತ್ತಾನೆ. ಮದಾಲಸೆ ಆ ಮಾತು ಕೇಳಿ ಪ್ರಾಣ ಬಿಡುತ್ತಾಳೆ. ಹುಡುಗ ಬದುಕೇ ಇದ್ದಾನೆ, ಯಾರದೋ ಆಶ್ರಮ ಕಾಯುತ್ತಾ ನಿಂತಿದ್ದಾನೆ. ಇಲ್ಲಿ ಮನೆಯಲ್ಲಿ ಎಲ್ಲ ಮುಗಿದುಹೋಗಿದೆ.

ಆಗ ಶತ್ರುಜಿತ್ ಅಳುವುದಿಲ್ಲ. ಋಷಿಗಳನ್ನು ಕಾಪಾಡುತ್ತಾ ಸತ್ತ ಮಗನಿಗಾಗಿ ಯಾಕೆ ಅಳಬೇಕು ಅಂತ ಸುತ್ತ ಇದ್ದವರನ್ನೇ ಸಮಾಧಾನ ಮಾಡುತ್ತಾನೆ. ತಾಯಿಯೂ ಹಾಗೇ. ನನಗೆ ಸಿಕ್ಕ ಸಂತೋಷ ನನ್ನ ತಾಯಿಗೂ ಸಿಗಲಿಲ್ಲ, ಅಕ್ಕತಂಗಿಯರಿಗೂ ಸಿಗಲಿಲ್ಲ ಅನ್ನುತ್ತಾಳೆ. ಆ ಸಾಲು ಓದಿ ಪುಸ್ತಕ ಮುಚ್ಚಿಟ್ಟೆ. ಆ ತಾಯಿಯನ್ನು ನಾನು ಬಯ್ಯುವುದಿಲ್ಲ. ಅವಳ ಕಾಲ ಬೇರೆ, ಅವಳು ರಾಣಿ. ಆದರೆ ನನ್ನಿಂದ ಆಗುವುದಿಲ್ಲ ಪುಟ್ಟಿ. ಯಾರಾದರೂ ಬಾಗಿಲಿಗೆ ಬಂದು ಹಾಗೊಂದು ಸುದ್ದಿ ಹೇಳಿದರೆ ನಾನು ಧರ್ಮದ ಮಾತು ಆಡುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯೋಧರ ಅಮ್ಮಂದಿರು ಟೀವಿಯಲ್ಲಿ ಹೇಗೆ ಗಟ್ಟಿಯಾಗಿ ಮಾತಾಡುತ್ತಾರೆ ಅಂತ ನೀನು ಒಮ್ಮೆ ಹೇಳಿದ್ದೆ. ಆ ಗಟ್ಟಿತನಕ್ಕೆ ಕೈ ಮುಗಿಯುತ್ತೇನೆ. ಅದನ್ನು ನನ್ನ ಹತ್ತಿರ ಹುಡುಕಬೇಡ.

ಇನ್ನೊಂದು ಹೇಳಿಬಿಡುತ್ತೇನೆ. ಆ ಕಳ್ಳ ತಪಸ್ವಿ ಆಶ್ರಮ ಕಟ್ಟಿಕೊಂಡಿದ್ದದ್ದು ಯಮುನೆಯ ದಡದಲ್ಲಿ. ಆಗ್ರಾ ಇರುವುದೂ ಯಮುನೆಯ ದಡದಲ್ಲೇ. ಇದಕ್ಕೆ ಅರ್ಥವಿಲ್ಲ ಅಂತ ನನಗೂ ಗೊತ್ತು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ನಿದ್ದೆ ಬಾರದ್ದರಿಂದ ಒಂದು ಒಳ್ಳೆಯದೂ ಆಯಿತು. ರಂಗರಾಜ್ ಸಿಕ್ಕಿದರು. ನಿನಗೆ ಅವರ ವಿಷಯ ಗೊತ್ತಿರುತ್ತದೆ, ನನಗೆ ಗೊತ್ತಿರಲಿಲ್ಲ. 1941ರ ಅಕ್ಟೋಬರ್ 15ರಂದು ಕರಾಚಿಯಲ್ಲಿ ವಿಮಾನದಿಂದ ಜಿಗಿದ ಮೊದಲ ಇಬ್ಬರು ಭಾರತೀಯರಲ್ಲಿ ಒಬ್ಬರು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. ಇನ್ನೊಬ್ಬರು ಲೆಫ್ಟಿನೆಂಟ್ ಎ.ಜಿ. ರಂಗರಾಜ್, 152ನೇ ಪ್ಯಾರಾ ಬೆಟಾಲಿಯನ್ನಿನ ಡಾಕ್ಟರು. ಬ್ರಿಗೇಡ್ ದೆಹಲಿಯಲ್ಲಿ ರೂಪ ತಾಳಿದ್ದು ಅದೇ ತಿಂಗಳ ಕೊನೆಗೆ. ಅಂದರೆ ಬ್ರಿಗೇಡ್ ಹುಟ್ಟುವ ಮುಂಚೆಯೇ ಅದರ ಡಾಕ್ಟರು ಜಿಗಿದಾಗಿತ್ತು! ಇದನ್ನು ಅಪ್ಪನಿಗೆ ಎಬ್ಬಿಸಿ ಹೇಳಿದೆ. ಲಾಂಛನದಲ್ಲಿ ಬಿಲ್ಲು ಇರಲಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಇಳಿದವರ ಪೈಕಿ ಒಬ್ಬರು ಗಾಯ ಕಟ್ಟುವ ಕೆಲಸದವರು. ನಿನ್ನ ಕೆಲಸದವರು.

ಅವರೇ ಆಮೇಲೆ ಕೊರಿಯಾ ಯುದ್ಧಕ್ಕೆ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಅನ್ನುವ ವೈದ್ಯರ ಘಟಕವನ್ನು ಕರೆದುಕೊಂಡು ಹೋದರು. 1950ರ ಚಳಿಗಾಲದಲ್ಲಿ ಪ್ಯೊಂಗ್ಯಾಂಗ್‌ನಿಂದ ಎಲ್ಲರೂ ಹಿಂದೆ ಸರಿಯುವಾಗ ಇವರಿಗೆ ಸಾಮಾನು ಸಾಗಿಸಲು ಗಾಡಿಯೇ ಸಿಗಲಿಲ್ಲ. ಆಸ್ಪತ್ರೆ ಸಾಮಾನು ಬಿಟ್ಟು ಹೋದರೆ ಮುಂದೆ ಗಾಯಾಳುಗಳಿಗೆ ಏನು ಗತಿ? ನಿಂತಿದ್ದ ಒಂದು ಹಳೆಯ ಉಗಿ ಇಂಜಿನ್ ಹುಡುಕಿ, ಬಕೆಟ್ಟಿನಲ್ಲಿ ನೀರು ಹೊತ್ತು ತುಂಬಿಸಿ, ತಾವೇ ಓಡಿಸಿಕೊಂಡು ಎಲ್ಲ ಸಾಮಾನಿನ ಜೊತೆ ದಕ್ಷಿಣಕ್ಕೆ ಬಂದರು. ಮರುವರ್ಷ ಮಾರ್ಚ್ 23ರಂದು ಮುನ್ಸಾನಿಯಲ್ಲಿ ಅಮೆರಿಕದ ಪ್ಯಾರಾ ಪಡೆಯ ಜೊತೆ ಈ ಘಟಕದ ಚಿಕ್ಕ ತಂಡವೂ ಜಿಗಿಯಿತು. ರಂಗರಾಜರಿಗೆ ಮಹಾವೀರ ಚಕ್ರ ಬಂತು. ಅದೇ ಘಟಕ ಈಗ ನೀನು ಸೇರುವ 60 ಪ್ಯಾರಾ ಫೀಲ್ಡ್ ಆಸ್ಪತ್ರೆ, ಅಲ್ವಾ? 2023ರಲ್ಲಿ ಟರ್ಕಿಯ ಭೂಕಂಪಕ್ಕೆ ಹೋದದ್ದೂ ಅದೇ. ಇಸ್ಕೆಂದೆರುನ್ ಊರಿನಲ್ಲಿ ಅವರು ಹಗಲು ರಾತ್ರಿ ರೋಗಿಗಳನ್ನು ನೋಡುತ್ತಿದ್ದದ್ದನ್ನು ನಾವೂ ಟೀವಿಯಲ್ಲಿ ನೋಡಿದ್ದೆವು. ಅವತ್ತು ಬರೀ ಸುದ್ದಿ ಅಂದುಕೊಂಡಿದ್ದೆ.

ಸಾಂಗ್ಶಾಕ್ ಬಗ್ಗೆಯೂ ಓದಿದೆ. ಓದಬಾರದಿತ್ತೇನೋ. 1944ರ ಮಾರ್ಚ್, ಮಣಿಪುರದ ಒಂದು ಗುಡ್ಡ. ಕೊಹಿಮಾ, ಇಂಫಾಲದ ಕಡೆ ಬರುತ್ತಿದ್ದ ಜಪಾನಿ ಸೈನ್ಯವನ್ನು ಈ ಬ್ರಿಗೇಡ್ ಅಲ್ಲಿ ದಿನಗಟ್ಟಲೆ ತಡೆದು ನಿಲ್ಲಿಸಿತು. ನೆಲದಡಿ ಬಂಡೆ, ಆಳಕ್ಕೆ ಅಗೆಯಲು ಆಗದು. ಮುಳ್ಳುತಂತಿ ಇಲ್ಲ. ನೀರು ಸಾಲದು. ವಿಮಾನದಿಂದ ಹಾಕಿದ ಸಾಮಾನಿನಲ್ಲಿ ಬಹಳಷ್ಟು ಶತ್ರುಗಳ ಕಡೆ ಬಿತ್ತು. ಆ ಚೂರು ಜಾಗದಲ್ಲೇ ನಿನ್ನಂಥ ಡಾಕ್ಟರುಗಳು ಗಾಯಾಳುಗಳ ಮಧ್ಯೆ ಕೂತಿದ್ದರು. 26ರ ರಾತ್ರಿ ಹಿಂದೆ ಸರಿಯಲು ಆಜ್ಞೆ ಬಂತು. ಅಷ್ಟು ಹೊತ್ತಿಗೆ ಬ್ರಿಗೇಡ್ ಸುಮಾರು 600 ಜನರನ್ನು ಕಳೆದುಕೊಂಡಿತ್ತು. ಅವರು ಗಳಿಸಿಕೊಟ್ಟ ಆ ಕೆಲವು ದಿನಗಳಿಂದ ಕೊಹಿಮಾ, ಇಂಫಾಲ ಉಳಿದವು ಅಂತ ಓದಿದಾಗ ಹೆಮ್ಮೆ ಬಂತು. ಆಮೇಲೆ ಮತ್ತೆ ಆ 600 ಮನೆಗಳಿಗೆ ಸುದ್ದಿ ಯಾರು ತಂದರು, ಹೇಗೆ ತಂದರು ಅಂತಲೇ ಯೋಚನೆ. ನನ್ನ ತಲೆ ಎಲ್ಲಿ ಹೋದರೂ ಅಲ್ಲಿಗೇ ಬರುತ್ತದೆ.

ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ನಿಮ್ಮ ಬ್ರಿಗೇಡಿನವರೇ. 1947ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಜಮ್ಮುವಿನ ಝಂಗಡ್ ಕೈಬಿಟ್ಟುಹೋದಾಗ, ಅದನ್ನು ಮತ್ತೆ ಗೆಲ್ಲುವ ತನಕ ಮಂಚದ ಮೇಲೆ ಮಲಗುವುದಿಲ್ಲ ಅಂದರು. ಮಾರ್ಚಿನಲ್ಲಿ ಗೆದ್ದರು. ಜುಲೈ 3ರಂದು ಅದೇ ಝಂಗಡಿನಲ್ಲಿ ಶೆಲ್ ಬಿದ್ದು ತೀರಿಕೊಂಡರು. 36 ತುಂಬಲು ಇನ್ನು 12 ದಿನ ಇತ್ತು. ದೊಡ್ಡ ಮನುಷ್ಯ. ಆದರೆ ನೀನು ಅವರಿಂದ ಧೈರ್ಯ ಕಲಿ, ನೆಲದ ಮೇಲೆ ಮಲಗುವುದನ್ನು ಕಲಿಯಬೇಡ. ನಿನಗೆ ಮೊದಲೇ ಸೊಂಟ ನೋವು. ಬೂಟು ಕಚ್ಚಿದರೆ ಅದೇ ದಿನ ಹೇಳು. ಕಾಲು ಉಳುಕಿದ್ದನ್ನು ಮುಚ್ಚಿಟ್ಟುಕೊಂಡು ಜಿಗಿಯಬೇಡ. ಪ್ರೊಬೇಷನ್ನಿನಲ್ಲಿ ಗಂಡು ಹುಡುಗರ ಮುಂದೆ ಹಿಂದೆ ಬೀಳಬಾರದು ಅನ್ನುವ ಹಠಕ್ಕೆ ಮೈ ಕೆಡಿಸಿಕೊಳ್ಳಬೇಡ. ಇಳಿಯುವಾಗ ಕಾಲು ಜೋಡಿಸು ಅಂತ ಅವರು ಸಾವಿರ ಸಲ ಹೇಳಿಕೊಡುತ್ತಾರೆ, ನೀನು ಸಾವಿರ ಸಲವೂ ಕೇಳು. ಮೊಟ್ಟೆ ತಿನ್ನು. ಸಿಟ್ಟು ಬಂದಾಗ ಊಟ ಬಿಡುವ ಚಾಳಿ ಬಿಡು. ಹಿಂದಿಯಲ್ಲಿ ತಪ್ಪಾದರೆ ನಾಚಿಕೊಂಡು ಸುಮ್ಮನಿರಬೇಡ, ಜವಾನರ ಜೊತೆ ಮಾತಾಡುತ್ತಲೇ ಇರು. ನೋವು ಎಲ್ಲಿ ಅಂತ ಅವರು ನಿನಗೆ ಹೇಳಬೇಕಲ್ಲ.

ಉಪದೇಶ ಜಾಸ್ತಿ ಆಯಿತು. ಬರೆದದ್ದನ್ನು ಹೊಡೆದು ಹಾಕಲ್ಲ, ಎಲ್ಲ ಬೇಕಾದದ್ದೇ.

ನಿಮ್ಮಪ್ಪನಿಗೆ ಇಷ್ಟವಾದದ್ದು ಗೋವಾ ಕತೆ. 1961ರಲ್ಲಿ ಇದೇ ಬ್ರಿಗೇಡ್ ಆಗ್ರಾದಿಂದ ನಮ್ಮ ಬೆಳಗಾವಿಗೆ ಬಂದು, ಅಲ್ಲಿಂದ ಗೋವಾದ ಉತ್ತರದ ಕಡೆಯಿಂದ ಒಳಗೆ ಹೋಯಿತು. ಅವರಿಗೆ ಕೊಟ್ಟಿದ್ದದ್ದು ಪಕ್ಕದ ಚಿಕ್ಕ ಕೆಲಸ. ಬ್ರಿಗೇಡಿಯರ್ ಸಗತ್ ಸಿಂಗ್ ಎಷ್ಟು ಬೇಗ ನುಗ್ಗಿದರೆಂದರೆ, ಡಿಸೆಂಬರ್ 19ರಂದು ಪಣಜಿಗೆ ಮೊದಲು ಕಾಲಿಟ್ಟವರು ಇವರೇ. ಕಬ್ಬಿಣದ ಟೋಪಿ ತೆಗೆದು ಪ್ಯಾರಾದವರ ಗುರುತಿನ ಟೋಪಿ, ಮರೂನ್ ಬೆರೆಟ್ ಹಾಕಿಕೊಂಡೇ ಊರೊಳಗೆ ಹೋದರು ಅಂತ ಹೇಳುತ್ತಾರೆ. ಅಪ್ಪ ಇದನ್ನು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಆಯಿತು. "ನನ್ನ ಮಗಳಿಗೂ ಅದೇ ಟೋಪಿ" ಅನ್ನುತ್ತಾರೆ. ನನ್ನ ಎದುರಿಗೆ ಮಾತ್ರ ಬಾಯಿ ಬಿಡುವುದಿಲ್ಲ, ನಾನು ನೊಂದುಕೊಳ್ಳುತ್ತೇನೆ ಅಂತ. ನಾನು ನೊಂದುಕೊಂಡಿರುವುದು ನಿಜ. ಹೆಮ್ಮೆ ಇರುವುದೂ ನಿಜ ಪುಟ್ಟಿ. ಭಾನುವಾರ ಎರಡನೆಯದನ್ನು ಹೇಳಲು ನನಗೆ ಆಗಲಿಲ್ಲ.

ಐದು ಜಿಗಿತ, ಅದರಲ್ಲಿ ಒಂದು ರಾತ್ರಿ ಅಂದೆಯಲ್ಲ. ತಾರೀಖು ಮುಂಚೆ ಹೇಳಬೇಡ, ನನಗೆ ತಡೆಯುವುದಿಲ್ಲ. ಮುಗಿದ ಮೇಲೆ ಹೇಳು. ಆದರೆ ಒಂದೊಂದು ಸಲವೂ ನೀನೇ ಹೇಳಬೇಕು. ಗೆಳತಿಯ ಕೈಲಿ ಹೇಳಿಸಬೇಡ, ಅಪ್ಪನಿಗೆ ಮೆಸೇಜ್ ಹಾಕಿ ಅಮ್ಮನಿಗೆ ಹೇಳಿ ಅನ್ನಬೇಡ. ಪೆಟ್ಟಾಗಿದ್ದರೂ ನಿನ್ನ ಬಾಯಲ್ಲೇ ಕೇಳಬೇಕು. ಬೇರೆ ಯಾರು ಬಂದು ಏನು ಹೇಳಿದರೂ ನಾನು ನಂಬುವುದಿಲ್ಲ ಅಂತ ಈಗಲೇ ಗಟ್ಟಿ ಮಾಡಿಕೊಂಡಿದ್ದೇನೆ.

ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ನಿನ್ನ ಹಳೆಯ ಮಂಡಿಪಟ್ಟಿ ಎಲ್ಲ ಒಂದು ಡಬ್ಬಿಯಲ್ಲಿ ಕಟ್ಟಿಟ್ಟಿದ್ದೇನೆ. ಅಲ್ಲಿಯ ವಿಳಾಸ ಪಿನ್ ಕೋಡ್ ಸಮೇತ ಕಳಿಸು, ಅಪ್ಪ ಸೋಮವಾರ ಸ್ಪೀಡ್ ಪೋಸ್ಟಿಗೆ ಹಾಕುತ್ತಾರೆ.

ನಿನ್ನ
ಅಮ್ಮ