ಗೆರೆಯಾಚೆ ಓಡಿದವನ ಬಗ್ಗೆ, ನಿನಗೆ

ಮಗಾ,

ಮೊನ್ನೆ ರಾತ್ರಿ ಫೋನಿನಲ್ಲಿ "ಗ್ಯಾರೆತ್ ಬೇಲ್‌ದೇನೋ, ದುಡ್ಡು ತಗೊಂಡು ಗಾಲ್ಫ್ ಆಡ್ಕೊಂಡಿದ್ದ" ಅಂತ ಆ ವೇಲ್ಸ್ ಫುಟ್‌ಬಾಲ್ ಆಟಗಾರನನ್ನು ಹೀಗಳೆದೆಯಲ್ಲ, ಆಗ ನಾನು ಸುಮ್ಮನಿದ್ದೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು, ನಮ್ಮ ಜಗಳ ಶುರುವಾದರೆ ಗಂಟೆಗೆ ಕಮ್ಮಿ ಮುಗಿಯಲ್ಲ. ಅದಕ್ಕೇ ಈ ಪತ್ರ. ಎಲ್ಲರೂ ಓದೋ ಜಾಗದಲ್ಲೇ ಹಾಕುತ್ತಿದ್ದೇನೆ, ಆಮೇಲೆ ಸಿಗಲೇ ಇಲ್ಲ ಅಂತ ನೀನು ಜಾರಿಕೊಳ್ಳಬಾರದು ನೋಡು.

2014ರ ಏಪ್ರಿಲ್ 16 ನೆನಪಿದೆಯಾ? ವೆಲೆನ್ಸಿಯಾದ ಮೆಸ್ತಾಯಾ ಮೈದಾನ, ಸ್ಪೇನಿನ ಕೋಪಾ ಡೆಲ್ ರೇ ಕಪ್ಪಿನ ಫೈನಲ್, ಬೇಲ್ ಆಡುತ್ತಿದ್ದ ನಮ್ಮ ರಿಯಲ್ ಮ್ಯಾಡ್ರಿಡ್‌ಗೂ ನಿಮ್ಮ ಬಾರ್ಸಿಲೋನಾಗೂ, ನಮಗಿಲ್ಲಿ ರಾತ್ರಿ ಒಂದು ಗಂಟೆ. ನಮ್ಮ ರೊನಾಲ್ಡೊ ಗಾಯವಾಗಿ ಹೊರಗಿದ್ದ, ಹಾಗಾಗಿ ನಿನಗೆ ಧೈರ್ಯ ಜಾಸ್ತಿ. ನಮ್ಮ ಡಿ ಮರಿಯಾ ಮೊದಲು ಗೋಲು ಹೊಡೆದ, ಆಮೇಲೆ ನಿಮ್ಮ ಬಾರ್ತ್ರಾ ತಲೆ ಕೊಟ್ಟು 1-1 ಮಾಡಿದ. ನೀನು ಕುಣಿದ ಕುಣಿತಕ್ಕೆ ಟೇಬಲ್ ಮೇಲಿದ್ದ ಚುರುಮುರಿ ಎಲ್ಲ ನೆಲಕ್ಕೆ.

ಆಮೇಲೆ ಬಂತು 85ನೇ ನಿಮಿಷ. ಅರ್ಧ ಗೆರೆಯ ಹತ್ತಿರ, ಎಡಬದಿಯಲ್ಲಿ ಬೇಲ್‌ಗೆ ಚೆಂಡು ಸಿಕ್ಕಿತು. ಎದುರಿಗಿದ್ದವನು ಅದೇ ಬಾರ್ತ್ರಾ. ಬೇಲ್ ಡ್ರಿಬಲ್ ಗಿಬಲ್ ಏನೂ ಮಾಡಲಿಲ್ಲ, ಚೆಂಡನ್ನು ಮುಂದಕ್ಕೆ ಜೋರಾಗಿ ತಳ್ಳಿದ, ಅಷ್ಟೇ, ಬಾ ಓಡೋಣ ಅನ್ನೋ ಹಾಗೆ. ಬಾರ್ತ್ರಾ ಭುಜ ಕೊಟ್ಟು ಅವನನ್ನು ಪಕ್ಕಕ್ಕೆ ನೂಕಿದ. ಬೇಲ್ ಬೀಳಲಿಲ್ಲ. ಗೆರೆ ದಾಟಿ ಹೊರಗೆ ಹೋದ, ಕೋಚ್‌ಗಳು ನಿಲ್ಲುವ ಜಾಗದಲ್ಲಿ ಸುತ್ತು ಹಾಕಿಕೊಂಡು ಓಡಿದ, ಮತ್ತೆ ಒಳಗೆ ಬಂದ, ಬಂದವನು ಬಾರ್ತ್ರಾಗಿಂತ ಮುಂದಿದ್ದ! ಅಷ್ಟು ದೂರದ ದಾರಿ ಹಿಡಿದು ಮೊದಲು ತಲುಪಿದವನನ್ನು ನಾನು ಆಮೇಲೂ ನೋಡಿಲ್ಲ. ಕೊನೆಗೆ ಎಡಗಾಲಿನ ತುದಿಯಿಂದ ನಿಮ್ಮ ಗೋಲ್‌ಕೀಪರ್ ಪಿಂಟೋ ಕಾಲುಗಳ ನಡುವೆ ಚೆಂಡು ತೂರಿಸಿದ. 2-1. ನಮ್ಮ ಸ್ಟ್ರೀಮ್ ಅಷ್ಟರಲ್ಲಿ ನಿಂತುಹೋಗಿತ್ತು, ಗೋಲಾಗಿದ್ದು ನನಗೆ ಮೊದಲು ಗೊತ್ತಾಗಿದ್ದು ಮೊಬೈಲಿನ ಸ್ಕೋರಿನಲ್ಲಿ. ನಿನ್ನ ಮುಖ ಮಾತ್ರ ನೇರಪ್ರಸಾರ.

ಇವನನ್ನು ಸೋಮಾರಿ ಅಂತೀಯಾ?

ಇದೇ ಹುಡುಗನಿಗೆ ಮೊದಲು ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ಬಿನಲ್ಲಿ ಕಾಲ್ಗುಣ ಸರಿಯಿಲ್ಲ ಅಂತಿದ್ದರು, ನೆನಪಿರಲಿ. 2007ರಲ್ಲಿ ಸೇರಿದ ಮೇಲೆ ಅವನು ಆಡಿದ 24 ಲೀಗ್ ಪಂದ್ಯಗಳಲ್ಲಿ ತಂಡ ಒಂದನ್ನೂ ಗೆದ್ದಿರಲಿಲ್ಲ. 2009ರಲ್ಲಿ ಬರ್ನ್ಲಿ ವಿರುದ್ಧ ಗೆಲುವು ಖಾತ್ರಿಯಾದ ಮೇಲೆ ಕೊನೇ ನಿಮಿಷಗಳಲ್ಲಿ ಅವನನ್ನು ಮೈದಾನಕ್ಕೆ ಇಳಿಸಿದರು, ಆಗ ಆ ಶನಿ ಬಿಟ್ಟಿತು. ಅದಾಗಿ ಒಂದು ವರ್ಷಕ್ಕೆ ಮಿಲಾನ್‌ನಲ್ಲಿ ಇಂಟರ್ ವಿರುದ್ಧ ಹ್ಯಾಟ್ರಿಕ್. ತಂಡ 4-0 ಹಿಂದೆ, ಗೋಲ್‌ಕೀಪರ್‌ಗೆ ರೆಡ್ ಕಾರ್ಡ್, ಹತ್ತೇ ಜನ. ಎಲ್ಲರೂ ಕೈಚೆಲ್ಲಿದ್ದ ಪಂದ್ಯದಲ್ಲಿ ಇವನೊಬ್ಬ ಎಡಗಡೆಯಿಂದ ಓಡಿ ಓಡಿ ಮೂರು ಹೊಡೆದ. ಪಂದ್ಯ 4-3ಕ್ಕೆ ಸೋತರು ಬಿಡು.

ಸ್ಕೂಲಿನಲ್ಲಿ ಇವನಿಗೆ ಎಡಗಾಲಲ್ಲಿ ಆಡಬಾರದು, ಒಂದೇ ಟಚ್ ಅಂತ ಬೇರೆಯದೇ ರೂಲ್ ಮಾಡಿದ್ದರಂತೆ ಪಿ.ಟಿ. ಮೇಷ್ಟ್ರು, ಇಲ್ಲದಿದ್ದರೆ ಬೇರೆ ಮಕ್ಕಳಿಗೆ ಆಟವೇ ಇರುತ್ತಿರಲಿಲ್ಲ. ಕಾರ್ಡಿಫ್‌ನ ಆ ಮೇಷ್ಟ್ರ ತಲೆ ನನಗೆ ತುಂಬ ಇಷ್ಟ.

ಗಾಲ್ಫ್ ವಿಷಯಕ್ಕೆ ಬರೋಣ. ಕೊನೆಕೊನೆಗೆ ಮ್ಯಾಡ್ರಿಡ್‌ನಲ್ಲಿ ಅವನು ಮುನಿಸಿಕೊಂಡಿದ್ದ, ಅದು ನಿಜ. ಬೆಂಚಿನಲ್ಲಿ ಕೂತು ಮಾಸ್ಕನ್ನು ಕಣ್ಣಿಗೆ ಎಳೆದುಕೊಂಡು ನಿದ್ದೆ ಬಂದವನ ಹಾಗೆ ಆಡಿದ್ದು ನನಗೂ ಹಿಡಿಸಲಿಲ್ಲ. 'ವೇಲ್ಸ್. ಗಾಲ್ಫ್. ಮ್ಯಾಡ್ರಿಡ್. ಅದೇ ಕ್ರಮದಲ್ಲಿ' ಅಂತ ಬರೆದಿದ್ದ ಬಾವುಟದ ಹಿಂದೆ ನಿಂತು ನಕ್ಕಿದ್ದೂ ಹೌದು. ಆದರೆ 2018ರಲ್ಲಿ ಕೀವ್‌ನಲ್ಲಿ ಲಿವರ್‌ಪೂಲ್ ವಿರುದ್ಧ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ನೋಡು. ಬೆಂಚಿನಿಂದ ಎದ್ದು ಬಂದ, ಮೂರು ನಿಮಿಷ ಕಳೆದಿರಬಹುದು, ಮಾರ್ಸೆಲೋ ಕ್ರಾಸಿಗೆ ಗಾಳಿಯಲ್ಲಿ ತಲೆಕೆಳಗಾಗಿ ಒದ್ದ. ಲಿವರ್‌ಪೂಲ್ ಗೋಲ್‌ಕೀಪರ್‌ನ ಕೈಯೂ ತಾಗಲಿಲ್ಲ. ನಮ್ಮ ಕೋಚ್ ಜಿಡಾನ್ ತಲೆ ಸವರಿಕೊಳ್ಳುತ್ತ ನಿಂತಿದ್ದ. ಗೆದ್ದ ಖುಷಿಯಲ್ಲೇ ಬೇಲ್, ನನಗೆ ವಾರ ವಾರ ಆಡಬೇಕು ಅಂದ. ಆಡೋದೇ ಬೇಡ ಅನ್ನೋನು ಹೀಗೆ ಕೇಳ್ತಾನಾ?

ಅಲ್ಲದೆ ಬಾವುಟದಲ್ಲಿ ಮೊದಲ ಪದ ಯಾವುದು, ವೇಲ್ಸ್ ಅಲ್ವಾ? ಜನ ಗಾಲ್ಫ್ ಮಾತ್ರ ಓದಿದರು. 2016ರ ಯೂರೋ ಕಪ್‌ನಲ್ಲಿ ಆ ಪುಟ್ಟ ದೇಶ ಸೆಮಿಫೈನಲ್ ತಲುಪಿತು. 2022ರ ಮಾರ್ಚ್‌ನಲ್ಲಿ, ಮ್ಯಾಡ್ರಿಡ್‌ನಲ್ಲಿ ಆಟವೇ ಸಿಗದೆ ಕೂತಿದ್ದವನು, ಕಾರ್ಡಿಫ್‌ಗೆ ಬಂದು ಆಸ್ಟ್ರಿಯಾ ವಿರುದ್ಧ ಫ್ರೀಕಿಕ್ಕನ್ನು ಮೇಲಿನ ಮೂಲೆಗೆ ಒದ್ದ, ಮತ್ತೊಂದೂ ಹೊಡೆದ. ಆಮೇಲೆ ಯುಕ್ರೇನ್ ಮೇಲೂ ಗೆದ್ದು 1958ರ ನಂತರ ಮೊದಲ ಸಲ ವಿಶ್ವಕಪ್. ಕತಾರ್‌ನಲ್ಲಿ ಅಮೆರಿಕ ವಿರುದ್ಧ 82ನೇ ನಿಮಿಷದ ಪೆನಾಲ್ಟಿ ಅವನೇ ಹೊಡೆದ. ಅಷ್ಟೊತ್ತಿಗೆ ಅವನ ಕಾಲು ಹಳೆಯ ಹಾಗಿರಲಿಲ್ಲ, ಅದು ಕಾಣುತ್ತಿತ್ತು. 2023ರ ಜನವರಿಯಲ್ಲಿ, 33ಕ್ಕೇ, ಸಾಕು ಅಂದ. ವೇಲ್ಸ್‌ಗೆ 111 ಪಂದ್ಯ, 41 ಗೋಲು.

ಆ ದಿನ ನೀನೇ ಮೊದಲು ಮೆಸೇಜ್ ಮಾಡಿದ್ದೆ, ಮರೆತೆಯಾ? ಒಂದೇ ಸಾಲು: "ಬಾರ್ತ್ರಾಗೆ ಇನ್ನು ನೆಮ್ಮದಿ." ನಾನು ಅದನ್ನು ಇನ್ನೂ ಅಳಿಸಿಲ್ಲ.

ಭಾನುವಾರ ಫೋನ್ ಮಾಡುತ್ತೇನೆ. ಬಾರ್ತ್ರಾ ನೂಕಿದ್ದು ಫೌಲ್ ಹೌದೋ ಅಲ್ಲವೋ, 2014ರಿಂದ ನಿನ್ನ ಉತ್ತರ ಬಾಕಿ ಇದೆ.